ಅಪ್ಪನ ಹನ್ನೆರಡು ಮರಗಳು

ಉಪ್ಪುನೀರಿಗೆ ಹಾಕಲು ಅಮ್ಮ ಆಲಿವ್ ಕಾಯಿಗಳನ್ನು ಒಂದೊಂದಾಗಿ ಸೀಳುತ್ತಿದ್ದಳು. ನಾನು ಎದುರು ಕೂತು ಆರಿಸುತ್ತಿದ್ದೆ. ಒಳ್ಳೆಯದು ಬಟ್ಟಲಿಗೆ, ಹುಳ ಬಿದ್ದದ್ದು ಬಕೆಟ್ಟಿಗೆ. ಬಕೆಟ್ಟು ತುಂಬಿತು. ಬಟ್ಟಲಿನ ತಳ ಇನ್ನೂ ಕಾಣುತ್ತಿತ್ತು.

ಸ್ತಮಾತಿಯಾ ಅಕ್ಕ ಬಾಗಿಲಿಗೆ ಬಂದಳು. ಬೆಳೆಗಾರರ ಸಂಘದ ಪರವಾಗಿ ಕಾಯಿಯಲ್ಲಿ ಮೊಟ್ಟೆಯಿಡುವ ನೊಣ ಹಿಡಿಯಲು ಮರಗಳಿಗೆ ಬಾಟಲಿ ಕಟ್ಟುವವಳು ಅವಳು.

"ಕಲಿಯೋಪಿ ಚಿಕ್ಕಮ್ಮ, ನಿಮ್ಮ ಓಣೀಲಿ ಬಿದ್ದಷ್ಟು ನೊಣ ಈ ಸಲ ಎಲ್ಲೂ ಬಿದ್ದಿಲ್ಲ."

"ಗಾಳಿಗೆ ಬಂದಿರ್ತವೆ, ಸಮುದ್ರದ ಕಡೆಯಿಂದ."

"ಸಮುದ್ರದಲ್ಲಿ ಆಲಿವ್ ಬೆಳೀತಾರಾ? ಬಂದಿದ್ದು ನಿಮ್ಮ ಮೇಲಿನ ತೋಟದಿಂದ."

ಅಮ್ಮನ ಚಾಕು ನಿಂತಿತು. ಮೇಲಿನ ತೋಟದ ಹನ್ನೆರಡು ಮರಗಳನ್ನು ನೆಟ್ಟದ್ದು ಅಪ್ಪ. ಹೋದ ವರ್ಷ ಕೊಯ್ಲಿಗೆ ಮುಂಚೆ ಅಪ್ಪ ತೀರಿಕೊಂಡರು. ಸತ್ತವರು ನೆಟ್ಟ ಮರಕ್ಕೆ ಆ ವರ್ಷ ಕಾಯಿ ಬಡಿಯುವ ಕೋಲು ತಾಗಿಸಬಾರದು ಎನ್ನುವುದು ಕ್ರೀಟ್‌ನ ಈ ನಮ್ಮ ಬೆಟ್ಟದೂರಿನ ಕಟ್ಟಳೆ. ಕಾಯಿ ಚಳಿಗಾಲವೆಲ್ಲ ಕೊಂಬೆಯಲ್ಲೇ ಇದ್ದು ಸುಕ್ಕಿ ಉದುರಿತ್ತು.

"ಆ ಕಾಯಿಯೊಳಗೆ ಹುಳ ಬೆಚ್ಚಗಿತ್ತು, ಚಿಕ್ಕಮ್ಮ. ಉದುರಿದ ಮೇಲೆ ಮಣ್ಣಿಗಿಳೀತು, ನೊಣ ಆಗಿ ಎದ್ದು ಬಂತು. ಇನ್ನು ನಾನು ಎಷ್ಟು ಬಾಟಲಿ ಕಟ್ಟಿದ್ರೂ ಸಾಲಲ್ಲ."

"ಅಂದ್ರೆ ಗಂಡನಿಗೆ ಅತ್ತಿದ್ದೇ ತಪ್ಪಾಯ್ತಾ?"

"ಅತ್ಕೊಳ್ಳಿ. ಕಾಯಿನ ಮರದಲ್ಲೇ ಬಿಡಬೇಡಿ ಅಷ್ಟೇ."

ಅಮ್ಮ ಅವಳಿಗೆ ಕಾಫಿ ಕೊಡಲಿಲ್ಲ.

ವಾರದ ನಂತರ ನಮ್ಮ ಫಸಲನ್ನೆಲ್ಲ ಗಾಣಕ್ಕೆ ಒಯ್ದೆವು. ಗಾಣದವನು ಎಣ್ಣೆ ಮೂಸಿ, ಬೆರಳಲ್ಲಿ ನೆಕ್ಕಿ, ಮುಖ ತಿರುಗಿಸಿದ. "ಇದು ಊಟಕ್ಕಾಗಲ್ಲಮ್ಮ. ದೀಪಕ್ಕೆ ಇಟ್ಕೊಳ್ಳಿ."

ವರ್ಷದ ಎಣ್ಣೆ ಅದು. ಅಮ್ಮ ಅದರಲ್ಲೇ ಒಂದು ಸೀಸೆ ಹಿಡಿದು ನೇರ ಸ್ಮಶಾನಕ್ಕೆ ಹೋದಳು. ಅಪ್ಪನ ಗೋರಿಯ ದೀಪಕ್ಕೆ ಸುರಿದಳು. "ಮೂಸಿ ನೋಡು," ಎಂದಳು ಅಪ್ಪನಿಗೆ. "ನಿನ್ನ ಮರದ್ದೇ."

ಮರುದಿನ ಬೆಳಿಗ್ಗೆ ಅವಳೇ ಸ್ತಮಾತಿಯಾ ಅಕ್ಕನನ್ನು ಕರೆತಂದಳು. ಮೂವರೂ ಸೇರಿ ಮೇಲಿನ ತೋಟದ ತುದಿಗೊಂಬೆಯಲ್ಲಿ ಉಳಿದ ಕಾಯಿಗಳನ್ನೂ ಕೆಡವಿದೆವು, ಬುಡ ಗುಡಿಸಿದೆವು, ಹುಳುಕನ್ನೆಲ್ಲ ಆಳದ ಗುಂಡಿಗೆ ಹಾಕಿ ಮಣ್ಣು ಮುಚ್ಚಿದೆವು. ಬರುವ ವರ್ಷಕ್ಕೆ ನೊಣ ಅಷ್ಟಾದರೂ ಕಡಿಮೆಯಾದೀತು.

ನಿಮ್ಮ ಮನೆಯಲ್ಲೂ ಸಾವಾಗಿರಬಹುದು. ದೀಪ ಹಚ್ಚಿ, ಕಪ್ಪು ಬಟ್ಟೆ ಉಡಿ. ಮರದ ಕಾಯಿ ಮಾತ್ರ ಆಯಾ ವರ್ಷವೇ ಕೊಯ್ಯಿರಿ, ನೆಲಕ್ಕೆ ಬಿದ್ದದ್ದನ್ನೂ ಬಿಡಬೇಡಿ. ನೊಣಕ್ಕೆ ಬೇಲಿ ಗೊತ್ತಿಲ್ಲ.

ನಮ್ಮ ಪಕ್ಕದ ತೋಟ ಲೆಫ್ತೇರಿಸ್ ಮಾಮನದು. ಅವರ ತಾಯಿ ಆಗಸ್ಟಿನಲ್ಲಿ ತೀರಿಕೊಂಡರು. ಆಕೆ ನೆಟ್ಟ ಮೂರು ಮರಗಳು ಈಗ ಕಾಯಿಯಿಂದ ಬಾಗಿವೆ. ನಿನ್ನೆ ಸಂಜೆ ಮಾಮ ಆ ಮರಗಳ ಕೆಳಗೇ ಕೂತಿದ್ದರು. ಅಮ್ಮ ಕಲ್ಲುಗೋಡೆಗೆ ಕೈಯೂರಿ ನಿಂತಳು.

"ಲೆಫ್ತೇರಿಸ್, ನಿಮ್ಮಮ್ಮನ ಮರಗಳ ಕಾಯಿ ಈ ವರ್ಷವೇ ಕೊಯ್ದುಬಿಡಪ್ಪ. ನಾವೂ ಬರ್ತೀವಿ."

ಮಾಮ ಉದುರಿದ್ದ ಒಂದು ಕಾಯಿ ಎತ್ತಿ ನೋಡಿ, ಮತ್ತೆ ಮರದ ಬುಡದಲ್ಲೇ ಇಟ್ಟರು.