ಮೊದಲ ಪೀರಿಯಡ್ಡಿನ ಓದು

ಆ ಸರ್ಕಾರಿ ಹೈಸ್ಕೂಲಿಗೆ ಹೊಸ ಹೆಡ್ ಮೇಡಂ ಬಂದಾಗ, ಫಲಿತಾಂಶದಲ್ಲಿ ಅದು ಜಿಲ್ಲೆಯಲ್ಲೇ ಕೊನೆಯದಾಗಿತ್ತು. ಇನ್ನೊಂದು ವರ್ಷ ಹೀಗೇ ಆದರೆ ಇದನ್ನು ಮುಚ್ಚಿ ಹೆದ್ದಾರಿಯ ಆಚೆಯ ಶಾಲೆಗೆ ಸೇರಿಸಿಬಿಡುತ್ತೇವೆ ಎಂದು ಮೇಲಿನವರು ಹೇಳಿಯಾಗಿತ್ತು. ಮೇಡಂ ಮೊದಲ ವಾರ ಯಾರಿಗೂ ಏನೂ ಹೇಳದೆ ವರಾಂಡದಲ್ಲಿ ಓಡಾಡಿಕೊಂಡಿದ್ದರು. ಹತ್ತನೇ ತರಗತಿಯ ಸಿ ಸೆಕ್ಷನ್ನಿನ ಬಾಗಿಲಾಚೆ ದಿನವೂ ಅದೇ ಒಬ್ಬ ಹುಡುಗಿ ನಿಂತಿರುತ್ತಿದ್ದಳು. ಎಲ್ಲರೂ ಅವಳನ್ನು ಲಾಯರ್ ಎನ್ನುತ್ತಿದ್ದರು. ಬಾಯಿ ಅಷ್ಟು ಜೋರು.

"ಯಾಕಮ್ಮ ಹೊರಗೆ?"

"ಸಾರ್ ಎದ್ದು ಓದು ಅಂದ್ರು. ಗಂಟಲು ನೋವು ಅಂದೆ. ಹೊರಗೆ ಹೋಗು ಅಂದ್ರು."

"ನಿನ್ನೆ?"

"ನಿನ್ನೆ ಕಣ್ಣು ನೋವು."

"ಗಂಟಲು ನೋವಿಗೆ ಇಷ್ಟು ಮಾತಾಡ್ಬಾರದಲ್ಲ," ಎಂದು ಮೇಡಂ ನಕ್ಕು, ಅವಳನ್ನು ತಮ್ಮ ಕೋಣೆಗೆ ಕರೆದೊಯ್ದರು. ಎದುರಿಗೆ ಪುಸ್ತಕ ಇಟ್ಟರು. ಹುಡುಗಿ ಮೊದಲ ಸಾಲಿನ ಎರಡು ಪದ ಹೇಗೋ ದಾಟಿದಳು. ಮೂರನೆಯದರಲ್ಲಿ ಒತ್ತಕ್ಷರ ಬಂತು. ಮೊಂಡು ಹಿಡಿದ ಎತ್ತಿನಂತೆ ಅಲ್ಲೇ ನಿಂತುಬಿಟ್ಟಳು. ಕಿವಿ ಕೆಂಪಾಯಿತು.

ಮೇಡಂ ಪುಸ್ತಕ ಮುಚ್ಚಿದರು. "ಹೋಗ್ಲಿ, ಇದನ್ನ ಕೇಳು. ಆರು ಜನ ಒಂದು ಗೋಡೆನ ನಾಲ್ಕು ದಿನದಲ್ಲಿ ಕಟ್ತಾರೆ. ಎಂಟು ಜನ ಆದ್ರೆ?"

"ಮೂರು ದಿನ. ಮೇಸ್ತ್ರಿ ಕೈ ಕೊಡದಿದ್ರೆ."

ಆ ವಾರ ಮೇಡಂ ಸಿ ಸೆಕ್ಷನ್ನಿನ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಓದಿಸಿದರು. ಅರ್ಧಕ್ಕಿಂತ ಹೆಚ್ಚು ಮಕ್ಕಳದ್ದು ಅದೇ ಕಥೆ. ಪಕ್ಕದವರು ಓದುವುದನ್ನು ಕೇಳಿಸಿಕೊಂಡೇ ಹತ್ತನೇ ತರಗತಿಯವರೆಗೆ ಬಂದಿದ್ದರು.

ಶಿಕ್ಷಕರ ಸಭೆಯಲ್ಲಿ ಮೇಡಂ ವಿಷಯ ಎತ್ತಿದರು. ದಿನವೂ ಮೊದಲ ಪೀರಿಯಡ್ ಓದಿಗೆ, ಡ್ರಿಲ್ ಮಾಸ್ತರಿಂದ ಹಿಡಿದು ಎಲ್ಲರೂ ಕಲಿಸಬೇಕು ಎಂದಾಗ, ಆ ಶಾಲೆಯಲ್ಲೇ ತಲೆ ನರೆತ ಲೆಕ್ಕದ ಮೇಷ್ಟ್ರು ಕುರ್ಚಿ ಹಿಂದಕ್ಕೆ ಸರಿಸಿದರು.

"ಅ ಆ ಇ ಈ ತಿದ್ದಿಸೋಕೆ ನಾನು ಬಂದಿಲ್ಲ ಮೇಡಂ. ಪರೀಕ್ಷೆ ವರ್ಷದಲ್ಲಿ ಅಕ್ಷರ ಕಲಿಸೋದು ಅಂದ್ರೆ ನೆರೆ ಬಂದಾಗ ಈಜು ಕಲಿಸಿದ ಹಾಗೆ."

"ನೆರೆ ಬಂದಿದೆಯಲ್ಲ ಸಾರ್. ಈಗ ಕಲಿಸದೆ ಇನ್ಯಾವಾಗ?"

ಸೋಮವಾರ ಶುರುವಾಯಿತು. ಎಲ್ಲ ತರಗತಿಗಳಿಂದ ಓದಲು ಬಾರದ ಮಕ್ಕಳನ್ನು ಆರಿಸಿ ಅಂಗಳದ ತಗಡಿನ ಶೀಟಿನ ಕೆಳಗೆ ಕೂರಿಸಿದರು. ಉಳಿದವರು ಕಿಟಕಿಗಳಿಂದ ಇಣುಕಿ ನೋಡಿದರು. ಎಂಟನೇ ತರಗತಿಯ ಚಿಳ್ಳೆಪಿಳ್ಳೆಗಳ ನಡುವೆ ಲಾಯರ್ ತೆಂಗಿನ ಮರದಂತೆ ಎದ್ದು ಕಾಣುತ್ತಿದ್ದಳು. ಮಂಗಳವಾರ ಅವಳು ಶಾಲೆಗೆ ಬರಲಿಲ್ಲ. ವಾರ ಕಳೆದರೂ ಬರಲಿಲ್ಲ.

ಮೇಡಂ ಮನೆ ಹುಡುಕಿಕೊಂಡು ಹೋದರು. ತಾಯಿ ಹೊಲಿಗೆಯವಳು. ಒಂದೇ ಕೋಣೆ, ಕಿಟಕಿ ಪಕ್ಕ ಮಿಷನ್ನು. ಹುಡುಗಿ ನೆಲದ ಮೇಲೆ ಕೂತು ಗುಂಡಿ ಹಾಕುತ್ತಿದ್ದಳು, ತಲೆ ಎತ್ತಲಿಲ್ಲ.

"ನಮ್ಮ ಬಾಯಿಬಡುಕಿಗೆ ಏನಾಗಿದೆಯೋ ಮೇಡಂ, ಒಂದು ವಾರದಿಂದ ಬಾಯಿಗೆ ಬೀಗ," ಎಂದಳು ತಾಯಿ.

"ಇನ್ನೇನಾಗ್ಬೇಕಮ್ಮ?" ಹುಡುಗಿ ಸೂಜಿ ಕೆಳಗಿಟ್ಟಳು. "ದಡ್ಡರು ಇಲ್ಲಿದಾರೆ ಅಂತ ಬೋರ್ಡೊಂದು ಹಾಕಿಲ್ಲ ಅಷ್ಟೇ. ಇಷ್ಟು ವರ್ಷ ಯಾರಿಗೂ ಗೊತ್ತಾಗದ ಹಾಗೆ ಕಾಪಾಡ್ಕೊಂಡು ಬಂದಿದ್ದೆ ಮೇಡಂ. ಒಂದೇ ದಿನದಲ್ಲಿ ಎಲ್ಲಾ ಬೀದಿಗೆ ಬಿತ್ತು."

ಮೇಡಂಗೆ ಮಾತು ನೇರ ತಾಗಿತು. "ನಂದು ತಪ್ಪಾಯ್ತು ಕಣೆ," ಎಂದರು. "ಸರಿ ಮಾಡ್ತೀನಿ. ಬಾ."

ಮುಂದಿನ ವಾರ ಶೀಟಿನ ಕೆಳಗೆ ಯಾರೂ ಕೂರಲಿಲ್ಲ. ಮೊದಲ ಬೆಲ್ಲಿಗೆ ಇಡೀ ಶಾಲೆಯೇ ಎದ್ದು ಕೋಣೆ ಬದಲಿಸಿತು. ಚೆನ್ನಾಗಿ ಓದುವವರೂ ಬೇರೆ ಬೇರೆ ಕೋಣೆಗಳಿಗೆ ಹೋದರು, ಬಾಗಿಲು ಮುಚ್ಚಿತು. ಯಾವ ಕೋಣೆಯಲ್ಲಿ ಕಥೆ, ಯಾವುದರಲ್ಲಿ ಕಾಗುಣಿತ ಎಂದು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ಲಾಯರ್ ಎರಡು ದಿನ ಗೇಟಿನಿಂದಲೇ ನೋಡಿ ಹೋದಳು, ಮೂರನೆಯ ದಿನ ಒಳಗೆ ಬಂದಳು.

ಲೆಕ್ಕದ ಮೇಷ್ಟ್ರು ಮಾತ್ರ ಮೊದಲ ಪೀರಿಯಡ್ಡಿನಲ್ಲಿ ಸ್ಟಾಫ್ ರೂಮ್ ಬಿಟ್ಟು ಏಳುತ್ತಿರಲಿಲ್ಲ. ಒಂದು ದಿನ ಸಿ ಸೆಕ್ಷನ್ನಿನಲ್ಲಿ ಟೆಸ್ಟ್ ಕೊಟ್ಟಾಗ ಹುಡುಗಿ ಎದ್ದು ನಿಂತಳು.

"ಸಾರ್, ನನಗಿನ್ನೂ ಪೂರ್ತಿ ಓದೋಕೆ ಬರಲ್ಲ. ನೀವು ಓದಿ ಹೇಳಿ, ಲೆಕ್ಕ ನಾನು ಮಾಡ್ತೀನಿ."

ಮೇಷ್ಟ್ರು ಗದರಲು ಬಾಯಿ ತೆರೆದವರು, ಯಾಕೋ ಪ್ರಶ್ನೆ ಓದಿದರು. ಅವಳು ಬರೆದಳು. ಯಾವಾಗಲೂ ಖಾಲಿ ಹಾಳೆ ಕೊಡುತ್ತಿದ್ದ ಹಿಂದಿನ ಬೆಂಚಿನಿಂದಲೂ ಪೆನ್ನಿನ ಸದ್ದು ಬಂತು. ಮೇಷ್ಟ್ರು ಉಳಿದ ಪ್ರಶ್ನೆಗಳನ್ನೂ ನಿಧಾನವಾಗಿ ಓದಿದರು.

ಸಂಜೆ ಅವರು ಮೇಡಂ ಕೋಣೆಗೆ ಬಂದು ಕೂತರು.

"ಲೆಕ್ಕ ತಲೆಗೆ ಹತ್ತಲ್ಲ ಅಂತ ಎಷ್ಟು ಮಕ್ಕಳಿಗೆ ಹೇಳಿ ಕಳಿಸಿದೀನೋ ಮೇಡಂ," ಎಂದರು. "ನನಗೆ ಓದು ಕಲಿಸೋದು ಗೊತ್ತಿಲ್ಲ. ಹೇಗಂತ ತೋರಿಸಿ."

ಆ ವರ್ಷ ಪವಾಡವೇನೂ ನಡೆಯಲಿಲ್ಲ. ಶಾಲೆ ಕೊನೆಯಿಂದ ನಾಲ್ಕನೆಯದಾಯಿತು. ಮುಚ್ಚುವ ಮಾತು ಸದ್ಯಕ್ಕೆ ನಿಂತಿತು. ಲಾಯರ್ ಲೆಕ್ಕದಲ್ಲಿ ಪಾಸಾದಳು, ಭಾಷೆಯಲ್ಲಿ ಫೇಲಾದಳು. ಅವಳು ಅಳಲಿಲ್ಲ. ಉತ್ತರಪತ್ರಿಕೆ ತಿದ್ದಿದವರದೇ ತಪ್ಪು ಎಂದು ಮೇಡಂ ಹತ್ತಿರ ಅರ್ಧ ಗಂಟೆ ವಾದ ಮಾಡಿ, ಮರುಪರೀಕ್ಷೆಗೆ ಕಟ್ಟಿದಳು. ರಜೆಯಲ್ಲಿ ದಿನವೂ ಖಾಲಿ ಶಾಲೆಗೆ ಬಂದು ಮೇಷ್ಟ್ರ ಎದುರು ಗಟ್ಟಿಯಾಗಿ ಓದಿದಳು. ಮರುಪರೀಕ್ಷೆಯಲ್ಲಿ ಅಂತೂ ಇಂತೂ ದಡ ಸೇರಿದಳು.

ಶಾಲೆ ಮತ್ತೆ ತೆರೆದಾಗ, ಎಂಟನೇ ತರಗತಿಗೆ ಹೊಸದಾಗಿ ಸೇರಿದ ಮಕ್ಕಳನ್ನು ಮೊದಲ ವಾರವೇ ಒಬ್ಬೊಬ್ಬರನ್ನಾಗಿ ಕೂರಿಸಿ, ಬಾಗಿಲು ಮುಚ್ಚಿ ಓದಿಸಿದರು. ಆ ಕೆಲಸವನ್ನು ಲೆಕ್ಕದ ಮೇಷ್ಟ್ರು ತಾವಾಗಿಯೇ ಕೇಳಿ ವಹಿಸಿಕೊಂಡರು.