ಬಾಯಿಕಟ್ಟು

ಹಳ್ಳದ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು ಗುಂಡವ್ವ ಕಿತ್ತ ಗಿಡದ ಮುರಿದ ದಂಟಿನಿಂದ ಬಿಳಿ ಹಾಲು ಜಿನುಗಿತು. ಅವಳು ಅದನ್ನು ನೋಡಲಿಲ್ಲ. ಬೇರಿನ ಮಣ್ಣು ಕೊಡವಿ, ಗಿಡವನ್ನು ಬುಟ್ಟಿಗೆ ಹಾಕಿ, ಮುಂದಿನದಕ್ಕೆ ಕೈಚಾಚಿದಳು. ಪಕ್ಕದಲ್ಲಿ ಬುಟ್ಟಿ ಹಿಡಿದು ನಿಂತಿದ್ದ ಸೊಸೆ ಯಶೋಧಾ ನೋಡಿದಳು. ಕಾಮಣಿಗೆ, ಅಂದರೆ ಕಾಮಾಲೆಗೆ, ಕೊಡುವ ನೆಲನೆಲ್ಲಿಯಲ್ಲಿ ಹಾಲಿರುವುದಿಲ್ಲ. ಎಲೆಯ ಕೆಳಗೆ ಸಾಸಿವೆಯಂಥ ಕಾಯಿಗಳ ಸಾಲಿರುತ್ತದೆ. ಇದು ಅದರ ನಡುವೆಯೇ ಬೆಳೆದು, ಮೇಲಿನಿಂದ ನೋಡಿದರೆ ಅದರಂತೆಯೇ ಕಾಣುವ, ಹಾಲುಗಳೆ ಎಂಬ ಕಳೆಗಿಡ, ಹೊಟ್ಟೆಗೆ ಆಗದ್ದು.

ಹೇಳುವಂತಿರಲಿಲ್ಲ. ಔಷಧ ಕೊಡುವ ರವಿವಾರ ಹೊಸ್ತಿಲು ದಾಟಿದರೆ, ರೋಗಿ ಕುಡಿದು ಮುಗಿಸುವ ತನಕ ಗಿಡಕ್ಕೆ ಹೋದವರು ತುಟಿ ಬಿಚ್ಚಬಾರದು. ಮಸೂತಿ ಊರಿನ ಈ ಮನೆಯಲ್ಲಿ ಇದಕ್ಕೆ ಬಾಯಿಕಟ್ಟು ಎನ್ನುತ್ತಾರೆ. ಮಾತಾಡಿದರೆ ಗುಣ ಹೋಗುತ್ತದೆ; ಕಿತ್ತದ್ದನ್ನು ಹಳ್ಳಕ್ಕೆ ಸುರಿದು ಮುಂದಿನ ರವಿವಾರ ಬರಬೇಕು.

ಆದರೆ ಕೈ ಹಿಡಿಯಬಾರದೆಂದು ಯಾರೂ ಹೇಳಿರಲಿಲ್ಲ. ಹಿಂದಿನ ವಾರ ಯಶೋಧಾ ಹಿಡಿದಿದ್ದಳು ಕೂಡ. ಅತ್ತೆಯ ಕಣ್ಣಿಗೆ ಪರೆ ಬಂದಿತ್ತು, ತಪ್ಪು ಗಿಡವೆಂದು ಅನುಮಾನವಾಗಿತ್ತು. ಗುಂಡವ್ವ ಆ ಕೈಯನ್ನು ಝಾಡಿಸಿ, ಎಲೆ ಮಗುಚಿ ಕಾಯಿಗಳ ಸಾಲು ತೋರಿಸಿದ್ದಳು. ಮನೆಗೆ ಬಂದು ಬಾಯಿಕಟ್ಟು ಬಿಚ್ಚಿದ್ದೇ ತಡ, ಕಟ್ಟೆಯ ಮೇಲೆ ಕೂತವರಿಗೆಲ್ಲ ಕೇಳುವಂತೆ, "ನಮ್ಮ ಬಿ.ಎ. ಬಾಯಾರು ಇನ್ ಮುಂದ ನನಗ ಎಲಿ ಗುರುತು ಹೇಳಿಕೊಡ್ತಾರಂತ. ನಾನೂ ಪಾಟಿ ತರಬೇಕೇನವಾ?" ಎಂದಿದ್ದಳು. ಜನ ನಕ್ಕಿದ್ದರು.

ಇವತ್ತು ಅನುಮಾನವಿರಲಿಲ್ಲ. ಆದರೂ ಯಶೋಧಾಳ ಕೈ ಬುಟ್ಟಿಯ ಅಂಚು ಬಿಡಲಿಲ್ಲ. ಮನೆಯಲ್ಲಿ ತೊಳೆಯುವಾಗ ತಾನಾಗಿ ತಿಳಿಯಲಿ, ಆ ಕಟ್ಟೆಯವರೆದುರೇ ತಿಳಿಯಲಿ ಎನ್ನಿಸಿತು. ಹಾಗೆನ್ನಿಸಿದ್ದರಲ್ಲಿ ಒಂದು ಸಣ್ಣ ಸುಖವಿತ್ತು. ಅತ್ತೆ ಕಿತ್ತು ಹಾಕುತ್ತ ಹೋದಳು, ಅವಳು ಬುಟ್ಟಿ ಹಿಡಿಯುತ್ತ ಹೋದಳು.

ಮನೆಯ ಮುಂದೆ ಮೋಟರ್‌ಸೈಕಲ್ ನಿಂತಿತ್ತು. ಆಲಮಟ್ಟಿ ಹಿನ್ನೀರಿನಲ್ಲಿ ಮೀನು ಹಿಡಿಯುವ ಹಾಜಿಮಲಂಗ ತನ್ನ ಹೆಂಡತಿ ಮುಬಿನಳನ್ನು ಕರೆದುಕೊಂಡು ಬಂದಿದ್ದ. ಅವಳು ಕಂಬಕ್ಕೆ ಒರಗಿ ಕೂತಿದ್ದಳು. ಕಣ್ಣಿನ ಬಿಳಿಯೆಲ್ಲ ಅರಿಸಿನವಾಗಿತ್ತು. ಯಶೋಧಾಳ ಗಂಡ ರಾವಸಾಬ ಬ್ರಶ್ ಬಾಯಲ್ಲಿಟ್ಟುಕೊಂಡೇ ಅವರೊಂದಿಗೆ ಹರಟೆ ಹೊಡೆಯುತ್ತಿದ್ದ.

"ವಾರದಾಗ ಇದೊಂದ ಮುಂಜಾನಿ ನೋಡ್ರಿ, ನಮ್ಮವ್ವನ ಬಾಯಿಗೆ ಸೂಟಿ. ನಿಮ್ಮಂಥವ್ರು ಬರತಿರ್ರಿ, ಮನಿ ತಣ್ಣಗಿರತೈತಿ."

ಗುಂಡವ್ವ ಮಗನನ್ನು ದುರುಗುಟ್ಟಿ ನೋಡಿ ಒಳಗೆ ಹೋದಳು. ಮುಬಿನ ನಕ್ಕಳು. ಹಾಜಿಮಲಂಗ ನಗಲಿಲ್ಲ.

"ಡಾಕ್ಟರು ಇವತ್ತ ಅಡ್ಮಿಟ್ ಮಾಡ್ರಿ ಅಂದಾರ್ರಿ. ಅದಕ್ಕೂ ಮೊದ್ಲ ಆಯಿ ಔಷಧ ಕೊಟ್ಟು ನೋಡೂಣಂತ ಬಂದೇನಿ. ನಮ್ಮ ಅಣ್ಣಗ ಇಲ್ಲೇ ಕಡಿಮಿ ಆಗಿತ್ತು."

ಆ ಮಾತು ಯಶೋಧಾಳಿಗೆ ಕೇಳಿಸಿತು. ಈಗಲಾದರೂ ಬುಟ್ಟಿ ಚೆಲ್ಲಬಹುದಿತ್ತು. ಗುಂಡವ್ವ ಗಿಡಗಳನ್ನು ಕೊಡದ ನೀರಿನಲ್ಲಿ ಅದ್ದಿ ತೊಳೆದಳು, ಕಲ್ಲಿನ ಮೇಲಿಟ್ಟು ಅರೆದಳು. ವಾಸನೆಯಿಂದ ಗೊತ್ತಾದೀತು ಎಂದು ಯಶೋಧಾ ಕಾದಳು. ಗೊತ್ತಾಗಲಿಲ್ಲ. ಆಡಿನ ಹಾಲಿನ ತಂಬಿಗೆ ಮುಂದೆ ಮಾಡಲು ಅತ್ತೆ ಸನ್ನೆ ಮಾಡಿದಾಗ ಮಾಡಿದಳು. ಈಗ, ಈಗ ಎಂದುಕೊಳ್ಳುತ್ತಿರುವಾಗಲೇ ಮುಬಿನ ಬಟ್ಟಲು ತೆಗೆದುಕೊಂಡು, ಸೆರಗು ತಲೆಯ ಮೇಲೆಳೆದು, ಕಣ್ಣು ಮುಚ್ಚಿ ಕುಡಿದುಬಿಟ್ಟಳು.

"ಈಗ ಮಾತಾಡ್ರಿ ಎಲ್ಲಾರೂ," ಎಂದಳು ಗುಂಡವ್ವ.

ಯಾರೂ ಮಾತಾಡುವ ಮೊದಲೇ ಮುಬಿನ ಕಟ್ಟೆಯಿಂದ ಬಾಗಿ ವಾಂತಿ ಮಾಡಿಕೊಂಡಳು. ಒಮ್ಮೆಗೆ ನಿಲ್ಲಲಿಲ್ಲ. ಹೊಟ್ಟೆ ಹಿಡಿದುಕೊಂಡು ಮತ್ತೆ ಬಾಗಿದಳು.

"ಪಿತ್ತ ಬೀಳಾಕತ್ತೈತಿ, ಚಲೋ ಆತು," ಗುಂಡವ್ವ ಅವಳ ಬೆನ್ನು ಸವರಿದಳು. "ಇನ್ನೂ ಎರಡ ರವಿವಾರ ಕರ್ಕೊಂಡ ಬಾ ತಮ್ಮಾ. ನಡುವ ಗುಳಗಿ, ಸಲಾಯಿನ್ ಏನೂ ಬ್ಯಾಡ."

"ಆತ್ರಿ ಆಯಿ. ಹಂಗಾರ ಸೀದಾ ಊರಿಗೇ ಹೋಗ್ತೇವ್ರಿ."

ಹಾಜಿಮಲಂಗ ಹೆಂಡತಿಯ ರಟ್ಟೆ ಹಿಡಿದು ಎಬ್ಬಿಸಿದ.

"ಊರಿಗೆ ಬ್ಯಾಡ್ರಿ ಅಣ್ಣಾರ," ಎಂದಳು ಯಶೋಧಾ. "ದವಾಖಾನಿಗೆ ಹೋಗ್ರಿ."

"ಯಾಕ್ರಿ ಅಕ್ಕಾರ? ಆಯಿ ಚಲೋ ಆತು ಅಂದ್ರಲ್ರಿ."

ಎಲ್ಲರೂ ಅವಳನ್ನೇ ನೋಡಿದರು. ಅತ್ತೆಯೂ ಮುಖ ಎತ್ತಿದಳು. ಪರೆ ಬಂದ ಆ ಕಣ್ಣುಗಳು ಯಶೋಧಾಳ ಮುಖಕ್ಕಿಂತ ಸ್ವಲ್ಪ ಆಚೆ ನೆಟ್ಟಿದ್ದವು.

"ಗಿಡ ತಪ್ಪೇತ್ರಿ. ನಾ ಕಿತ್ತಿದ್ದು. ಅತ್ತಿಗೆ ಗೊತ್ತಿಲ್ಲ."

ರಾವಸಾಬ ಬಾಯಿಂದ ಬ್ರಶ್ ತೆಗೆದ. "ಏನಂದಿ?"

ಯಶೋಧಾ ಬುಟ್ಟಿಯ ತಳದಲ್ಲಿ ಉಳಿದಿದ್ದ ಗಿಡವೊಂದನ್ನು ಪೇಪರಿನಲ್ಲಿ ಸುತ್ತಿ ಹಾಜಿಮಲಂಗನ ಕೈಗಿಟ್ಟಳು. "ಇದನ್ನ ಡಾಕ್ಟರಿಗೆ ತೋರಸ್ರಿ. ಇದನ್ನ ಕುಡಿಸ್ಯಾರ ಅಂತ ಹೇಳ್ರಿ."

ಅವನು ಪೊಟ್ಟಣವನ್ನೂ ಅವಳನ್ನೂ ನೋಡಿದ. ಬೈಯಬಹುದೆಂದು ಅವಳು ಕಾದಳು. ಅವನು ಅದನ್ನು ಜೇಬಿಗೆ ಹಾಕಿಕೊಂಡು ಗಾಡಿಗೆ ಕಿಕ್ ಹೊಡೆದ. ರಾವಸಾಬ ಅಂಗಿ ಹಾಕಿಕೊಂಡು ತನ್ನ ಗಾಡಿ ತೆಗೆದ, ಹೆಂಡತಿಯತ್ತ ನೋಡದೆ. ಹಿಂದೆ ಕೂರಿಸಲು ಯಶೋಧಾ ತೋಳು ಕೊಟ್ಟಾಗ, ಅದನ್ನು ಹಿಡಿದ ಮುಬಿನಳ ಅಂಗೈ ಬೆವರಿ ತಣ್ಣಗಾಗಿತ್ತು.

"ನೀವ್ಯಾಕ ಅಳತೀರಿ ಅಕ್ಕಾ," ಎಂದಳು ಮುಬಿನ, ಉಸಿರು ಹಿಡಿದು. "ನೀವೇನ ಬೇಕಂತ ಮಾಡೀರೇನು?"

ಗಾಡಿಗಳು ದವಾಖಾನೆಯಿರುವ ಬಾಗೇವಾಡಿಯ ರಸ್ತೆಗೆ ತಿರುಗಿದವು. ಸದ್ದು ಅಡಗುವ ತನಕ ಗುಂಡವ್ವ ಕಟ್ಟೆಯ ಮೇಲೆ ಹಾಗೆಯೇ ಕೂತಿದ್ದಳು.

"ನೀ ಒಂದ ಗಿಡಾನೂ ಮುಟ್ಟಿಲ್ಲ," ಎಂದಳು ಆಮೇಲೆ. ದನಿಯಲ್ಲಿ ಕುಹಕವಿರಲಿಲ್ಲ. "ನನ್ನ ತಪ್ಪು ನಿನ್ನ ಮ್ಯಾಲ ಯಾಕ ಹಾಕ್ಕೊಂಡಿ?"

ಯಶೋಧಾ ಒಲೆಯಿಂದ ಬೂದಿ ತಂದು ವಾಂತಿಯ ಮೇಲೆ ಸುರಿದಳು. ಕಸಬರಿಗೆ ತೆಗೆದುಕೊಂಡಳು.

"ಯಾವಾಗ ನೋಡಿದಿ ಯಶೋಧಾ? ಇಲ್ಲಿ ಬಂದ ಮ್ಯಾಲೋ, ಅಲ್ಲೇ ಹಳ್ಳದಾಗೋ?"

ಕಸಬರಿಗೆ ನೆಲ ಕೆರೆಯುತ್ತಿತ್ತು. ಬೂದಿಯೆಲ್ಲ ಒಂದು ಮೂಲೆಗೆ ಸೇರಿ, ನೆಲ ಸ್ವಚ್ಛವಾದ ಮೇಲೂ ಯಶೋಧಾ ಅದೇ ಜಾಗವನ್ನು ಗುಡಿಸುತ್ತಲೇ ಇದ್ದಳು. ಕಸಬರಿಗೆ ಹತ್ತಿರ ಬಂದಾಗ, ಅಡ್ಡವಾಗದಿರಲೆಂದು ಗುಂಡವ್ವ ಕಾಲು ಮೇಲೆತ್ತಿಕೊಂಡು ಕೂತಳು.