ಅತ್ತೆಯ ಸೂಜಿ, ಸೊಸೆಯ ಮೇಜು

ನಮ್ಮ ಅತ್ತೆಗೆ ನನ್ನ ಮಾತಿನ ಮೇಲೆ ನಂಬಿಕೆ ಇಲ್ಲ ಎಂದರೆ ತಪ್ಪಾಗುತ್ತದೆ. ಇದೆ. ಆದರೆ ಅದೇ ಮಾತನ್ನು ಇನ್ನೊಬ್ಬರೂ ಹೇಳಬೇಕು, ಅಷ್ಟೆ. "ಗ್ಯಾಸ್ ಆರಿಸಿದ್ಯಾ?" ಎಂದು ಕೇಳುತ್ತಾರೆ. "ಆರಿಸಿದೆ ಅತ್ತೆ" ಎನ್ನುತ್ತೇನೆ. "ಸರಿ" ಎಂದು ತಲೆಯಾಡಿಸಿ, ಮಗನ ಕಡೆ ತಿರುಗಿ, "ಗ್ಯಾಸ್ ಆರಿದ್ಯಾ ನೋಡ್ಕೊಂಡು ಬಾರೋ" ಎನ್ನುತ್ತಾರೆ. ಮಳೆ ಬರುತ್ತಿದೆ ಎಂದು ನಾನು ತೊಯ್ದು ತೊಪ್ಪೆಯಾಗಿ ಬಂದು ನಿಂತು ಹೇಳಿದರೂ ಕಿಟಕಿಯಿಂದ ಕೈ ಚಾಚಿ ನೋಡಿಯೇ ನಂಬುವುದು.

ಪೂರ್ತಿ ಅವರದೇ ತಪ್ಪು ಎನ್ನಲಾರೆ. ಹೆರಿಗೆ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವರು. ಅಲ್ಲಿ ಚಿಕ್ಕ ನರ್ಸ್ ಸಿರಿಂಜಿಗೆ ತುಂಬಿದ್ದನ್ನು ದೊಡ್ಡ ನರ್ಸ್ ಇನ್ನೊಮ್ಮೆ ನೋಡಲೇಬೇಕು. ನೋಡದಿದ್ದರೆ ಜೀವಕ್ಕೆ ಸಂಚಕಾರ. ನಿವೃತ್ತಿಯ ದಿನ ಆಸ್ಪತ್ರೆಯವರು ಗೋಡೆ ಗಡಿಯಾರ ಕೊಟ್ಟು ಕಳಿಸಿದರು, ಈ ಅಭ್ಯಾಸವನ್ನು ಮಾತ್ರ ವಾಪಸ್ ಇಸಿದುಕೊಳ್ಳಲು ಮರೆತರು. ಮದುವೆಯಾಗಿ ಬಂದ ದಿನದಿಂದ ಮನೆಯಲ್ಲಿ ನಾನೇ ಚಿಕ್ಕ ನರ್ಸ್. ಇದೆಲ್ಲ ಗೊತ್ತಿದ್ದೂ ನನಗೆ ಮೈ ಉರಿಯುತ್ತದೆ. ಕಾರಣ ಗೊತ್ತಾದ ಮಾತ್ರಕ್ಕೆ ಉರಿ ತಣ್ಣಗಾಗುವಂತಿದ್ದರೆ ಲೋಕದಲ್ಲಿ ಅತ್ತೆ ಸೊಸೆಯರ ಜಗಳವೇ ಇರುತ್ತಿರಲಿಲ್ಲ.

ನನ್ನ ಕೆಲಸ ವಿಮಾನ ನಿಲ್ದಾಣದ ಭದ್ರತಾ ತಪಾಸಣೆಯಲ್ಲಿ. ಪ್ರಯಾಣಿಕರ ಕೈಚೀಲಗಳು ಯಂತ್ರದೊಳಗೆ ಹೋಗುತ್ತವಲ್ಲ, ಪರದೆಯ ಮೇಲೆ ಅನುಮಾನ ಹುಟ್ಟಿಸಿದ ಚೀಲವನ್ನು ಪಕ್ಕದ ಮೇಜಿಗೆ ತಳ್ಳುತ್ತಾರೆ. ಆ ಮೇಜು ನನ್ನದು. ಚೀಲ ಬಿಚ್ಚಿ, ನೋಡಿ, ಇದು ಹೋಗುತ್ತೆ, ಇದು ಹೋಗಲ್ಲ ಎಂದು ಹೇಳಬೇಕು. ಅತ್ತೆ ಇದನ್ನು ನೆಂಟರಿಗೆ ವಿವರಿಸುವುದು ಹೀಗೆ: "ಕಂಡೋರ ಚೀಲ ಕೆದಕೋ ಕೆಲಸ. ಅದಕ್ಕೆ ಸಂಬಳ ಬೇರೆ ಕೊಡ್ತಾರೆ."

ಅಲ್ಲಾದರೂ ನನ್ನ ಮಾತು ನಡೆಯುತ್ತಿತ್ತೇ ಎಂದರೆ ಅದೂ ಇಲ್ಲ. ನಮ್ಮ ಮೇಲ್ವಿಚಾರಕರು ಬಹಳ ಒಳ್ಳೆಯ ಮನುಷ್ಯರು. ತೊಂದರೆ ಇರುವುದೇ ಅಲ್ಲಿ. ಯಾರಾದರೂ ಮುಖ ಸಣ್ಣಗೆ ಮಾಡಿ ನಿಂತರೆ ಸಾಕು, ಬೆಣ್ಣೆಯಂತೆ ಕರಗುತ್ತಾರೆ. ನಾನು ಹೋಗಲ್ಲ ಎಂದದ್ದನ್ನು "ಪಾಪ, ಬಿಟ್ಟುಬಿಡಮ್ಮ" ಎಂದು ಬಿಡಿಸುತ್ತಾರೆ. ಆಮೇಲೆ ಮೇಲಿನವರ ಹತ್ತಿರ ಹೋಗಿ, ಈ ಹೆಣ್ಣುಮಗಳು ಗಟ್ಟಿಯಾಗಿ ನಿಲ್ಲುವುದಿಲ್ಲ ಎಂದು ನನ್ನ ಮೇಲೆಯೇ ಹೇಳುತ್ತಾರೆ. ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದ ಹಾಗೆ, ಅವರ ಒಳ್ಳೆಯತನಕ್ಕೆಲ್ಲ ನನ್ನ ಮೇಜೇ ಬಂಡವಾಳ. ನಾನಿನ್ನೂ ಖಾಯಂ ಆಗಿರಲಿಲ್ಲ. ಈ ತಿಂಗಳಲ್ಲಿ ಮೇಜನ್ನು ಸರಿಯಾಗಿ ನಡೆಸಿದರೆ ಖಾಯಂ, ಇಲ್ಲವಾದರೆ ಖಾಲಿ ಟ್ರೇ ಜೋಡಿಸುವ ಕೆಲಸಕ್ಕೆ ವಾಪಸ್ ಎಂದು ಮೇಲಿನವರು ಎಚ್ಚರಿಕೆಯನ್ನೂ ಕೊಟ್ಟಿದ್ದರು.

ಇಂಥ ಹೊತ್ತಿನಲ್ಲಿ ಅತ್ತೆ ಮೊದಲ ಬಾರಿ ವಿಮಾನ ಹತ್ತಲು ಹೊರಟರು.

ದೂರದೂರಿನಲ್ಲಿದ್ದ ನನ್ನ ನಾದಿನಿಗೆ ದಿನ ತುಂಬಿತ್ತು. ಹುಟ್ಟುವ ಮಗುವಿಗೆಂದು ಅತ್ತೆ ಸ್ವೆಟರ್ ಹೆಣೆಯುತ್ತಿದ್ದರು. ಬೆನ್ನು, ಎದೆ, ಒಂದು ತೋಳು ಮುಗಿದು ಇನ್ನೊಂದು ತೋಳು ಬಾಕಿ ಇತ್ತು. ಅಷ್ಟರಲ್ಲಿ ನಾದಿನಿಯ ಅತ್ತೆ, ಅಂದರೆ ನಮ್ಮ ಬೀಗಿತ್ತಿ, ಅವರೂ ಮಗುವಿಗೆ ಟೋಪಿ ಹೆಣೆಯುತ್ತಿದ್ದಾರೆಂಬ ಸುದ್ದಿ ಬಂತು. ಅಲ್ಲಿಂದಾಚೆ ಅದು ಬರೀ ಸ್ವೆಟರ್ ಆಗಿ ಉಳಿಯಲಿಲ್ಲ, ಪಂದ್ಯವಾಯಿತು. ಮಗು ಮೊದಲು ತೊಡುವುದು ಯಾರ ಕೈಯದು ಎಂಬುದರ ಮೇಲೆ ಅತ್ತೆಯ ಮಾನ ನಿಂತಿತು.

"ವಿಮಾನದಲ್ಲಿ ಕೂತು ತೋಳು ಮುಗಿಸ್ತೀನಿ" ಎಂದರು.

"ಆ ಸೂಜಿಗಳನ್ನ ದೊಡ್ಡ ಪೆಟ್ಟಿಗೆಗೆ ಹಾಕ್ಬಿಡಿ ಅತ್ತೆ. ಕೈಚೀಲದಲ್ಲಿ ಬಿಡಲ್ಲ."

"ಹೆಣಿಗೆ ಸೂಜಿ ಬಿಡ್ತಾರಂತೆ."

"ಯಾರು ಹೇಳಿದ್ದು?"

"ಔಷಧಿ ಅಂಗಡಿಯವನು. ಅವನ ಭಾವಮೈದ ಯಾವಾಗ್ಲೂ ವಿಮಾನದಲ್ಲೇ ಓಡಾಡೋದು."

ನಾನು ದಿನವೂ ಅದೇ ಮೇಜಿನ ಹಿಂದೆ ನಿಲ್ಲುವವಳು. ಔಷಧಿ ಅಂಗಡಿಯವನು ವಿಮಾನವನ್ನು ಕತ್ತೆತ್ತಿ ನೋಡಿದವನೇ ಹೊರತು ಒಳಗೆ ಕಾಲಿಟ್ಟವನಲ್ಲ. ಏನು ಮಾಡೋಣ, ಹಿತ್ತಲ ಗಿಡ ಮದ್ದಲ್ಲ.

ಅವನ ಮಾತು ಪೂರ್ತಿ ಸುಳ್ಳೂ ಆಗಿರಲಿಲ್ಲ ಅನ್ನಿ. ನಮ್ಮಲ್ಲಿ ಹೆಣಿಗೆ ಸೂಜಿಗೆ ಖಡಾಖಂಡಿತ ನಿಷೇಧವಿಲ್ಲ. ತುದಿ ಮೊಂಡಾಗಿದ್ದರೆ ಬಿಡಬಹುದು, ಚೂಪಾಗಿದ್ದರೆ ಬಿಡಬಾರದು, ತೀರ್ಮಾನ ಮೇಜಿನವರದು. ಮರದವು, ಪ್ಲಾಸ್ಟಿಕ್ಕಿನವು ಎಷ್ಟನ್ನೋ ನಾನೇ ನಗುನಗುತ್ತ ಬಿಟ್ಟಿದ್ದೇನೆ. ಅತ್ತೆಯವು ಉಕ್ಕಿನವು. ಅವರದು ಬಿಗಿ ಹೆಣಿಗೆ. ಕುಣಿಕೆಯೊಳಗೆ ಸೂಜಿ ಸಲೀಸಾಗಿ ನುಗ್ಗಲೆಂದು ತುದಿಗಳನ್ನು ಬಟ್ಟೆ ಒಗೆಯುವ ಕಲ್ಲಿಗೆ ಉಜ್ಜಿ ಮಸೆದಿದ್ದರು. ಆ ತುದಿಗೂ ನನ್ನ ತೋಳಿಗೂ ಹಳೆಯ ಪರಿಚಯ. ಕೂತಲ್ಲಿಂದಲೇ ಒಮ್ಮೆ ಚುಚ್ಚಿ, "ಏಳೇ, ಹಾಲು ಉಕ್ತಿದೆ" ಎನ್ನುವುದು ಅವರ ಕ್ರಮ.

ಹೊರಡುವ ದಿನ ನನಗೆ ಬೆಳಗಿನ ಪಾಳಿ. ನನ್ನ ಗಂಡ ತಾಯಿಯನ್ನು ಬಾಗಿಲ ತನಕ ಕರೆತಂದು, ಒಳಗೆ ಏನಾಗಬಹುದೆಂದು ಊಹಿಸಿ, ಗಾಡಿ ನಿಲ್ಲಿಸಲು ಜಾಗವೇ ಇಲ್ಲ ಎಂಬ ನೆಪ ಹೇಳಿ ಓಟ ಕಿತ್ತಿದ್ದ. ಎರಡು ಕಡೆಯಿಂದಲೂ ಬೈಸಿಕೊಳ್ಳದೆ ಇಷ್ಟು ವರ್ಷ ಬದುಕಿದ್ದು ಸುಮ್ಮನೆ ಅಲ್ಲ.

ಸಾಲಿನಲ್ಲಿ ಅತ್ತೆ ಕಣ್ಣಿಗೆ ಬೀಳುವ ಮೊದಲೇ ದನಿ ಕಿವಿಗೆ ಬಿತ್ತು. "ಅಗೋ, ಅಲ್ಲಿ ನೀಲಿ ಅಂಗಿ ಹಾಕ್ಕೊಂಡು ನಿಂತಿದಾಳಲ್ಲ, ನಮ್ಮ ಸೊಸೆ. ನನ್ನ ಚೀಲ ಇಲ್ಲಿ ಯಾರೂ ಮುಟ್ಟಲ್ಲ." ಮೇಲ್ವಿಚಾರಕರ ಬಳಿ ಓಡಿ, "ಸರ್, ಬರ್ತಿರೋದು ನಮ್ಮ ಅತ್ತೆ. ಅವರ ಚೀಲ ಬೇರೆಯವರು ನೋಡ್ಲಿ" ಎಂದೆ. ಅವರು ಹೊಟ್ಟೆ ಕುಲುಕಿಸಿ ನಕ್ಕು, "ಒಳ್ಳೇದೇ ಆಯ್ತು. ನೀನು ಎಷ್ಟು ಗಟ್ಟಿ ಅಂತ ಇವತ್ತು ನೋಡೋಣ" ಎಂದರು.

ಪರದೆ ನೋಡುವ ನನ್ನ ಜೊತೆಗಾರನನ್ನು ನಾವು ಗೂಬೆ ಎಂದೇ ಕರೆಯುವುದು. ಕಣ್ಣು ಮಿಟುಕಿಸದೆ ನೋಡುವುದು ಅವನ ಉದ್ಯೋಗ. "ಅಕ್ಕಾ, ಇದೇನು ಚೀಲನೋ ಪಾತ್ರೆ ಅಂಗಡಿನೋ" ಎಂದು ಕರೆದ. ಹೋಗಿ ಬಗ್ಗಿ ನೋಡಿದೆ. ಪರದೆಯಲ್ಲಿ ಲೋಹವೆಲ್ಲ ನೀಲಿಯಾಗಿ ಕಾಣುತ್ತದೆ. ಉದ್ದಕ್ಕೆ ಎರಡು ನೀಲಿ ಗೆರೆ, ಅವು ಸೂಜಿಗಳು. ಅವುಗಳ ಕೆಳಗೆ, ಹೋದ ವಾರದಿಂದ ನಾನು ಮನೆಯೆಲ್ಲ ತಡಕಾಡುತ್ತಿದ್ದ ಸೌಟು. ಅದರ ಪಕ್ಕ ಚಹಾ ಸೋಸುವ ಜರಡಿ. ಮೂಲೆಯಲ್ಲಿ, ಕಳೆದುಹಾಕಿದೆ ಎಂದು ಅತ್ತೆ ನನ್ನನ್ನೇ ಬೈದಿದ್ದ ಕುಕ್ಕರಿನ ಸೀಟಿ. ಮಗಳ ಸಂಸಾರಕ್ಕೆಂದು ನನ್ನ ಅಡುಗೆಮನೆ ಸದ್ದಿಲ್ಲದೆ ವಿಮಾನ ಹತ್ತುತ್ತಿತ್ತು.

ಚೀಲ ನನ್ನ ಮೇಜಿಗೆ ಬಂತು. ಅತ್ತೆಯೂ ಬಂದರು.

"ಈ ಸೌಟನ್ನ ಎಲ್ಲೋ ನೋಡಿದ ಹಾಗಿದೆಯಲ್ಲ ಅತ್ತೆ."

"ಸೌಟು ಎಲ್ಲಾರ ಮನೇಲೂ ಇರುತ್ತೆ" ಎಂದರು, ನನ್ನ ಮುಖ ನೋಡದೆ.

ಸೌಟು, ಜರಡಿ, ಸೀಟಿ ಮೂರೂ ನಿಯಮದ ಪ್ರಕಾರ ಹೋಗುವ ವಸ್ತುಗಳು. ಹೊಟ್ಟೆ ಉರಿದುಕೊಂಡೇ ಪಕ್ಕಕ್ಕಿಟ್ಟೆ. ಆಮೇಲೆ ಸೂಜಿ ಎತ್ತಿಕೊಂಡೆ. ಎರಡರ ನಡುವೆ ಅರ್ಧ ತೋಳು ತೂಗಾಡುತ್ತಿತ್ತು. ಬೆರಳಿಡುವಷ್ಟೇ ಅಗಲದ ಪುಟ್ಟ ತೋಳು. ನೋಡಿ ಒಂದು ಕ್ಷಣ ಮನಸ್ಸು ಹಿಂದೆ ಸರಿಯಿತು. ಹೆಬ್ಬೆರಳಿನಿಂದ ತುದಿ ಮುಟ್ಟಿದೆ, ರಕ್ತದ ಚುಕ್ಕೆ ಕಾಣಿಸಿತು.

"ಇದು ಹೋಗಲ್ಲ ಅತ್ತೆ."

"ಯಾರನ್ನಾದ್ರೂ ಕೇಳು."

"ಕೇಳೋಕೆ ಯಾರೂ ಇಲ್ಲ. ಇಲ್ಲಿ ನಾನು ಹೇಳಿದ್ದೇ ಕೊನೆ."

"ಅದು ಹೇಗೆ? ನಿನ್ನ ಮೇಲೆ ಒಬ್ಬರು ಇರ್ಲೇಬೇಕಲ್ಲ."

ನನ್ನ ಮೇಲಿನ ಆ ಒಬ್ಬರು, ನಮ್ಮ ಮೇಲ್ವಿಚಾರಕರು, ಕರೆಯದೆಯೇ ಬಂದರು. ಅತ್ತೆ ಅವರ ಕಡೆ ತಿರುಗಿ, ಮಗಳ ಹೆರಿಗೆ, ಬಾಕಿಯಿರುವ ತೋಳು, ಬೀಗಿತ್ತಿಯ ಟೋಪಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಸಾಲಿನಲ್ಲಿ ನಿಂತಿದ್ದವರಿಗೂ ಕನಿಕರ ಬಂತು. ಒಬ್ಬಾಕೆಯಂತೂ ಕಣ್ಣೊರೆಸಿಕೊಂಡರು. ಮೇಲ್ವಿಚಾರಕರು ಆಗಲೇ ಕರಗಿ ನೀರಾಗಿದ್ದರು.

"ಪಾಪ, ಬಿಟ್ಟುಬಿಡಮ್ಮ. ಮಗುವಿನ ಸ್ವೆಟರ್ ಅಲ್ವಾ."

ಬಿಟ್ಟುಬಿಟ್ಟರೆ ಎಲ್ಲ ಸುಗಮ. ಅತ್ತೆಗೆ ಸಂತೋಷ, ಸಾಲಿಗೆ ಸಂತೋಷ, ಇವರಿಗೂ ಪುಣ್ಯ ಬಂದ ಸಂತೋಷ. ನಾನು ಮಾತ್ರ ನಾಳೆಯಿಂದ ಟ್ರೇ ಜೋಡಿಸಬೇಕು, ಮನೆಯಲ್ಲಿ ಗ್ಯಾಸ್ ಆರಿಸಿದ್ದೇನೆಂದು ಜನ್ಮಪೂರ್ತಿ ಸಾಕ್ಷಿ ಹುಡುಕಬೇಕು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟು ಒಂದು ಹೆಜ್ಜೆ ಮುಂದಿತ್ತು.

"ಸರ್, ತುದಿ ಚೂಪಿದೆ. ನಾನು ಹೋಗಲ್ಲ ಅಂದಿದೀನಿ. ಬಿಡೋದಾದ್ರೆ ನೀವೇ ಸಹಿ ಹಾಕಿ ಬಿಡಿ."

ಸಹಿ ಎಂದ ಕೂಡಲೇ ಅವರ ಕೈ ತಾನಾಗಿ ಜೇಬಿನೊಳಗೆ ಹೋಯಿತು. ಅಡ್ಡಗೋಡೆಯ ಮೇಲೆ ದೀಪ ಇಟ್ಟೇ ಇಷ್ಟು ದೂರ ಬಂದವರು. "ಇಷ್ಟಕ್ಕೆಲ್ಲ ಸಹಿ ಗಿಹಿ ಯಾಕೆ" ಎಂದು ನಕ್ಕು ಅತ್ತೆಯ ಕಡೆ ತಿರುಗಿದರು. "ಇವಳ ಮಾತು ಮನಸ್ಸಿಗೆ ಹಚ್ಕೋಬೇಡಿ ಅಮ್ಮ. ಹೊಸಬಳು, ಏನೂ ಗೊತ್ತಾಗಲ್ಲ. ನೀವು ಚೀಲ ತಗೊಂಡು ನಡೀರಿ."

ಅತ್ತೆ ಆಗಲೇ ಉಲ್ಲನ್‌ ಉಂಡೆಯನ್ನು ಚೀಲಕ್ಕೆ ತುರುಕುತ್ತಿದ್ದರು. ಕೈ ನಿಂತಿತು.

"ಈ ಸೂಜಿ ಚೂಪಿದೆಯೋ ಇಲ್ವೋ?" ಎಂದು ಕೇಳಿದರು.

"ಇರಬಹುದು ಅಮ್ಮ, ಆದ್ರೆ..."

"ಮುಟ್ಟಿ ನೋಡಿದ್ರಾ?"

"ಇಲ್ಲ..."

"ಮುಟ್ಟಿ ನೋಡಿದೋಳು ಅವಳು. ಅಲ್ಲಿ ನೋಡಿ, ಬೆರಳಲ್ಲಿ ರಕ್ತ ಇದೆ. ನೋಡದೆ ಹೇಳ್ತಿರೋರು ನೀವು. ನನ್ನ ವಾರ್ಡಲ್ಲಿ ಒಬ್ಬ ನರ್ಸ್ ನೋಡಿ ಬೇಡ ಅಂದಿದ್ದನ್ನ, ಪರವಾಗಿಲ್ಲ ಕೊಡಮ್ಮ ಅಂತ ಯಾರಾದ್ರೂ ಬಂದು ಹೇಳಿದ್ರೆ ಅವರನ್ನ ಬಾಗಿಲಿಂದಾಚೆ ಹಾಕಿಸ್ತಿದ್ದೆ. ಡಾಕ್ಟ್ರಾದ್ರೂ ಸರಿಯೇ."

"ಅಯ್ಯೋ, ನಿಮಗೇ ಅನುಕೂಲ ಆಗ್ಲಿ ಅಂತ ಅಲ್ವಾ ಅಮ್ಮ ನಾನು..."

"ನನ್ನ ಅನುಕೂಲ ನಾನು ನೋಡ್ಕೋತೀನಿ. ನನ್ನ ಸೊಸೆಗೆ ಏನೂ ಗೊತ್ತಾಗಲ್ಲ ಅಂತ ಹೇಳೋಕೆ ನಾನಿದೀನಿ ಮನೇಲಿ. ನೀವ್ಯಾರ್ರೀ ಹೇಳೋಕೆ?"

ಗೂಬೆ ಮೊದಲ ಬಾರಿಗೆ ಕಣ್ಣು ಮಿಟುಕಿಸಿದ. ಕಣ್ಣೊರೆಸಿಕೊಂಡಿದ್ದ ಆಕೆ "ಹೌದಲ್ವಾ ಮತ್ತೆ" ಎಂದು ಪಕ್ಷ ಬದಲಾಯಿಸಿದರು. ಮೇಲ್ವಿಚಾರಕರು ಇಂಗು ತಿಂದ ಮಂಗನಂತೆ ಮುಖ ಮಾಡಿ, ಗಂಟಲು ಸರಿಮಾಡಿಕೊಂಡು, ತಾವು ಮೊದಲಿನಿಂದಲೂ ಇದನ್ನೇ ಹೇಳುತ್ತಿದ್ದವರಂತೆ, "ಮೇಜಿನವರು ಹೇಳಿದ್ದೇ ಕೊನೆ, ಎಲ್ಲರೂ ಕೇಳಿಸ್ಕೊಳ್ಳಿ" ಎಂದು ಸಾಲಿಗೆ ಸಾರಿದರು.

ಅತ್ತೆ ಪಕ್ಕದ ಕುರ್ಚಿಯಲ್ಲಿ ಕೂತರು. ಮುಡಿಯಿಂದ ಒಂದು ಹೇರ್‌ಪಿನ್ ಕಿತ್ತು, ಅದಕ್ಕೆ ಉಲ್ಲನ್ ಎಳೆ ಸಿಕ್ಕಿಸಿ, ಸೂಜಿಯ ಮೇಲಿದ್ದ ಕುಣಿಕೆಗಳನ್ನು ಒಂದೊಂದಾಗಿ ಎಳೆಗೆ ದಾಟಿಸತೊಡಗಿದರು. ಹಾಗೆ ಮಾಡದಿದ್ದರೆ ತೋಳೆಲ್ಲ ಬಿಚ್ಚಿಹೋಗುತ್ತದೆ. ನನಗೆ ಹೆಣಿಗೆ ಬಾರದಿದ್ದರೂ ಒಂದು ಮಾತು ತಿಳಿಯುತ್ತಿತ್ತು. ಸೂಜಿ ಇಲ್ಲಿ ಉಳಿದರೆ ತೋಳು ವಿಮಾನದಲ್ಲಿ ಮುಗಿಯುವುದಿಲ್ಲ. ಬೀಗಿತ್ತಿಯ ಟೋಪಿಯೇ ಗೆಲ್ಲುತ್ತದೆ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಬೆರಳು ತಡವರಿಸಲಿಲ್ಲ. ಇಷ್ಟು ವರ್ಷ ಈ ಹೆಂಗಸಿನ ಮೇಲೆ ಕೂಡಿಟ್ಟಿದ್ದ ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯದೆ ಮೇಜು ಒರೆಸುತ್ತ ನಿಂತೆ.

ಕೊನೆಯ ಕುಣಿಕೆ ದಾಟಿಸಿ, ಎಳೆಗೆ ಗಂಟು ಹಾಕಿ, ಖಾಲಿ ಸೂಜಿಗಳೆರಡನ್ನೂ ನನ್ನ ಮುಂದೆ ಇಟ್ಟರು. ಚೀಲ ಹೆಗಲಿಗೇರಿಸಿ ಎದ್ದವರು, ಎರಡು ಹೆಜ್ಜೆ ಹೋಗಿ ತಿರುಗಿ ಬಂದರು. ಹೇರ್‌ಪಿನ್ ಇನ್ನೂ ಕೈಯಲ್ಲಿತ್ತು. ಮೇಲ್ವಿಚಾರಕರು ಅಲ್ಲೇ ನಿಂತಿದ್ದರು, ಗೂಬೆಯೂ ಇದ್ದ. ಅತ್ತೆ ಅವರ ಕಡೆ ನೋಡಲಿಲ್ಲ. ಪಿನ್ನನ್ನು ನನ್ನ ಮುಂದೆ ಚಾಚಿದರು.

"ಇದು ಹೋಗುತ್ತೇನಮ್ಮಾ?"

ತುದಿ ಮುಟ್ಟಿ ನೋಡಿದೆ. ಮೊಂಡಾಗಿತ್ತು.

"ಹೋಗುತ್ತೆ" ಎಂದೆ.

"ಸರಿ ಹಾಗಾದ್ರೆ" ಎಂದು ಮುಡಿಗೆ ಸಿಕ್ಕಿಸಿಕೊಂಡು ಹೊರಟುಹೋದರು.